ಹರಿಕೇನ್ ಎಣಿಸಿ ಸ್ನೋ ಭವಿಷ್ಯ ಹೇಳೋ ಆ್ಯಪ್: 5ಕ್ಕೆ 2 ಸ್ಟಾರ್

ನ್ಯೂಜೆರ್ಸಿಲಿ ಸ್ವಂತ ಮನೆ ಇರೋರಿಗೆಲ್ಲ ಅಕ್ಟೋಬರ್ ಬಂತಂದ್ರೆ ಇದೇ ತಲೆನೋವು, ಡ್ರೈವ್‌ವೇ ಸ್ನೋ ತೆಗೆಯೋಕೆ ಇಡೀ ಸೀಸನ್‌ಗೆ ಕಾಂಟ್ರಾಕ್ಟ್ ಕೊಡೋದಾ ಇಲ್ಲಾ ಬಿದ್ದಾಗ ನೋಡ್ಕೊಳೋದಾ ಅಂತ. ಅದಕ್ಕೇ ಒಂದು ಪೇಯ್ಡ್ ವೆದರ್ ಆ್ಯಪ್ ತಗೊಂಡೆ, ಹೆಸರು ಬೇಡ ಬಿಡಿ. ಅಟ್ಲಾಂಟಿಕ್‌ನಲ್ಲಿ ಈ ವರ್ಷ ಎಷ್ಟು ಬಿರುಗಾಳಿ (ತುಂಬಾ ಜೋರಾದ್ರೆ ಅದೇ ಹರಿಕೇನ್) ಎದ್ದವು ಅಂತ ನೋಡಿ, ನಿಮ್ಮೂರಲ್ಲಿ ಚಳಿಗಾಲಕ್ಕೆ ಎಷ್ಟು ಸ್ನೋ ಅಂತ ಇಂಚು ಲೆಕ್ಕದಲ್ಲಿ ಹೇಳ್ಬಿಡುತ್ತೆ ಇದು!

ಸ್ಟಾರ್ಮ್ ಮ್ಯಾಪ್ ಮಾತ್ರ ಸೂಪರ್, ಹಳೇ ಸೀಸನ್‌ಗಳೂ ಸಿಗ್ತವೆ. ಆದ್ರೆ ಆ ಹಳೇ ಡೇಟಾ ತೆಗೆದು ನೋಡಿದ್ರೆ ತಮ್ಮ ಕಾಲ ಮೇಲೆ ತಾವೇ ಕಲ್ಲು ಹಾಕ್ಕೊಂಡಂಗಿದೆ. 1995ರಲ್ಲಿ 19 ಬಿರುಗಾಳಿ, ಆ ಚಳಿಗಾಲ ನ್ಯೂಯಾರ್ಕ್ ಸೆಂಟ್ರಲ್ ಪಾರ್ಕಲ್ಲಿ 75.6 ಇಂಚು ಸ್ನೋ, ಅಲ್ಲಿನ ರೆಕಾರ್ಡ್ ಅದು. 2011ರಲ್ಲೂ 19 ಬಿರುಗಾಳಿನೇ, ಸ್ನೋ ಬರೀ 7.4 ಇಂಚು, ಅದರಲ್ಲೂ ಒಂದಿಷ್ಟು ಅಕ್ಟೋಬರಲ್ಲೇ ಬಿದ್ದಿದ್ದು. 2009ರ ಬಿರುಗಾಳಿ ಸೀಸನ್ ಸಪ್ಪೆಯಾಗಿತ್ತು, 9 ಅಷ್ಟೇ, ಆದ್ರೆ 2010ರ ಫೆಬ್ರವರಿಲಿ ವಾಷಿಂಗ್ಟನ್, ಬಾಲ್ಟಿಮೋರ್ ಸ್ನೋಲಿ ಹೂತೇ ಹೋಗಿದ್ವು.

ಸಂಬಂಧಾನೇ ಇಲ್ಲ ಅಂತಲ್ಲ. ಪೆಸಿಫಿಕ್‌ನಲ್ಲಿ ಲಾ ನೀನಾ (ಸಮಭಾಜಕದ ಹತ್ತಿರ ಸಮುದ್ರದ ನೀರು ಮಾಮೂಲಿಗಿಂತ ತಣ್ಣಗಾಗೋದು) ಇದ್ರೆ ಅಟ್ಲಾಂಟಿಕ್ ಮೇಲೆ ವಿಂಡ್ ಶಿಯರ್ (ಎತ್ತರಕ್ಕೆ ಹೋದಂಗೆ ಗಾಳಿಯ ವೇಗ, ದಿಕ್ಕು ಬದಲಾಗಿ ಬಿರುಗಾಳಿನ ಒಡೆಯೋದು) ಕಮ್ಮಿಯಾಗಿ ಹರಿಕೇನ್ ಜಾಸ್ತಿ ಆಗೋ ಚಾನ್ಸ್ ಇರುತ್ತೆ, ಎಲ್ ನೀನೋ (ಅದೇ ನೀರು ಬಿಸಿಯಾಗೋದು) ಇದ್ರೆ ಉಲ್ಟಾ, ಅದೇ ಲಾ ನೀನಾ ಎಲ್ ನೀನೋನೇ ಅಮೆರಿಕದ ಚಳಿಗಾಲಾನೂ ಒಂದು ಕಡೆ ವಾಲಿಸುತ್ತೆ, ಅಂದ್ರೆ ಇವೆರಡೂ ಒಂದೇ ತಾಯಿ ಮಕ್ಕಳು, ಅಣ್ಣನ ಮುಖ ನೋಡಿ ತಮ್ಮನ ಜಾತಕ ಬರೆದ್ರೆ ಹೆಂಗೆ? ಮೇಲಾಗಿ 1995, 2011 ಎರಡೂ ಲಾ ನೀನಾನೇ, ಆದ್ರೂ ಸ್ನೋಲಿ ಅಷ್ಟು ವ್ಯತ್ಯಾಸ. ಆರ್ಕ್ಟಿಕ್ ಆಸಿಲೇಷನ್ (ಉತ್ತರ ಧ್ರುವದ ಕಡೆಯ ಗಾಳಿ ಒತ್ತಡದ ಏರಿಳಿತ) ಬೇರೆ ಇದೆಯಲ್ಲ, ಅದು ನೆಗೆಟಿವ್ ಆದ್ರೆ ಉತ್ತರದ ಚಳಿ ನಮ್ಮ ಕಡೆ ನುಗ್ಗುತ್ತೆ, ಪಾಸಿಟಿವ್ ಆದ್ರೆ ಅಲ್ಲೇ ಇರುತ್ತೆ, ತಿಂಗಳುಗಟ್ಟಲೆ ಮುಂಚೆ ಅದನ್ನ ಹಿಡಿಯೋದು ಭಾರೀ ಕಷ್ಟ. ಸಪೋರ್ಟ್‌ಗೆ 2011ರ ಕಥೆ ಏನ್ರೀ ಅಂತ ಮೇಲ್ ಹಾಕಿದ್ರೆ 'ಮಾಡೆಲ್ ಅಪ್‌ಡೇಟ್ ಆಗ್ತಿದೆ' ಅಂತ ಉತ್ತರ, ನಗಬೇಕೋ ಅಳಬೇಕೋ.

ಇದಕ್ಕಿಂತ NOAA (ಅಮೆರಿಕ ಸರ್ಕಾರದ ಹವಾಮಾನ ಸಂಸ್ಥೆ) ಅವರ ವಿಂಟರ್ ಔಟ್‌ಲುಕ್ ಎಷ್ಟೋ ವಾಸಿ, ಅಕ್ಟೋಬರಲ್ಲಿ ಬರುತ್ತೆ, ಫ್ರೀ. ಅವರು ಇಂಚು ಹೇಳಲ್ಲ, ಚಳಿ ಮಳೆ ಮಾಮೂಲಿಗಿಂತ ಜಾಸ್ತಿನಾ ಕಮ್ಮಿನಾ ಅಂತ ಪರ್ಸೆಂಟ್ ಕೊಡ್ತಾರೆ, ಯಾವ ಕಡೆನೂ ಒಲವು ಕಾಣದ ಜಾಗಕ್ಕೆ ಸಮ ಚಾನ್ಸ್ ಅಂತ ನೇರವಾಗಿ ಬರೆದಿರ್ತಾರೆ.

2 ಸ್ಟಾರೂ ಮ್ಯಾಪ್‌ಗೆ ಮಾತ್ರ. ಟ್ರಯಲ್ ತಗೊಳೋರು ಆಟೋ ರಿನ್ಯೂವಲ್ ಮೊದಲೇ ಆಫ್ ಮಾಡಿ, ಆ ಬಟನ್ ಸೆಟ್ಟಿಂಗ್ಸಲ್ಲಿ ಎಲ್ಲೋ ಕೆಳಗಿಟ್ಟಿದಾರೆ.