ಸಿಂಫನಿ ಟಿಕೆಟ್: ಆ್ಯಪ್‌ನಲ್ಲೋ, ಕೌಂಟರಿನಲ್ಲೋ?

ಹುಬ್ಬಳ್ಳಿಯಲ್ಲಿದ್ದುಕೊಂಡು ಮುಂಬೈನ ಸಿಂಫನಿಗೆ, ಅಂದರೆ ದೊಡ್ಡ ಆರ್ಕೆಸ್ಟ್ರಾ ನುಡಿಸುವ ಪಾಶ್ಚಾತ್ಯ ಸಂಗೀತ ಕಚೇರಿಗೆ, ಟಿಕೆಟ್ ಬೇಕಾದರೆ, ಅಲ್ಲಿರುವ ನಿಮ್ಮವರನ್ನು ರಂಗಮಂದಿರದ ಕೌಂಟರಿಗೆ ಕಳಿಸಿ. ನಮ್ಮ ಕಡೆ ಮನೆಗೊಬ್ಬರಾದರೂ ಮುಂಬೈಯಲ್ಲಿ ಇರುತ್ತಾರೆ ಅಲ್ವಾ? ನಾನು ಆ್ಯಪ್‌ನಲ್ಲೂ ಕೊಂಡಿದ್ದೇನೆ, ಕೌಂಟರಿನಿಂದಲೂ ತರಿಸಿದ್ದೇನೆ. ಇನ್ನು ಮುಂದೆ ಕೌಂಟರೇ.

ಕಚೇರಿ ನಡೆಯುವುದು ನರಿಮನ್ ಪಾಯಿಂಟಿನ ಎನ್‌ಸಿಪಿಎ (ನ್ಯಾಷನಲ್ ಸೆಂಟರ್ ಫಾರ್ ದಿ ಪರ್ಫಾರ್ಮಿಂಗ್ ಆರ್ಟ್ಸ್) ಎಂಬ ಕಲಾಕೇಂದ್ರದಲ್ಲಿ. 2006ರಲ್ಲಿ ಶುರುವಾದ ಸಿಂಫನಿ ಆರ್ಕೆಸ್ಟ್ರಾ ಆಫ್ ಇಂಡಿಯಾ ಅಲ್ಲಿಯದೇ ತಂಡ. ವರ್ಷಕ್ಕೆ ಎರಡೇ ಸೀಸನ್. ಒಂದು ತಪ್ಪಿತೆಂದರೆ ತಿಂಗಳುಗಟ್ಟಲೆ ಕಾಯಬೇಕು.

ಆ್ಯಪ್‌ನಲ್ಲಿ ನನಗೂ ಅವ್ವನಿಗೂ ಪಕ್ಕಪಕ್ಕದ ಎರಡು ಸೀಟು ಆರಿಸಿದೆ. ದುಡ್ಡು ಕಟ್ಟಲು ಕೊಟ್ಟ ನಿಮಿಷಗಳು ಓಡುತ್ತಿದ್ದವು, ಬ್ಯಾಂಕಿನ ಒಟಿಪಿ ಮಾತ್ರ ಬರಲೊಲ್ಲದು. ಕೊನೆಗೆ ಬಂತು, ಹಾಕಿದೆ. ಖಾತೆಯಿಂದ ದುಡ್ಡು ಹೋಯಿತು. ಟಿಕೆಟ್ ಬರಲಿಲ್ಲ. ಸಮಯ ಮುಗಿದಿದೆ ಅಂತ ತೋರಿಸಿತು. ಸೀಟಿನ ನಕ್ಷೆ ಮತ್ತೆ ತೆಗೆದರೆ ನಾನು ಆರಿಸಿದ್ದ ಎರಡೂ ಬೂದು ಬಣ್ಣಕ್ಕೆ ತಿರುಗಿದ್ದವು.

ಈಗ ಮಾಡುವುದೇನು? ಬೇರೆ ಸೀಟು ಕೊಂಡ ಮೇಲೆ ಮೊದಲಿನವೂ ಬಂದರೆ ನಾಲ್ಕು ಟಿಕೆಟ್ ಆಗುತ್ತವೆ. ಕಾಯುತ್ತ ಕೂತರೆ ಇದ್ದವೂ ಹೋಗುತ್ತವೆ. ಕೇಳೋಣವೆಂದರೆ ಮನುಷ್ಯರೇ ಸಿಗುವುದಿಲ್ಲ, ಮೊದಲೇ ಬರೆದಿಟ್ಟ ಉತ್ತರಗಳೇ ಮತ್ತೆ ಮತ್ತೆ. ರೈಲಿನ ರಿಸರ್ವೇಶನ್ ಬೇರೆ ಆಗಿಹೋಗಿತ್ತು. ದುಡ್ಡೇನೋ ವಾಪಸ್ ಬಂತು. ಆದರೆ ಅಷ್ಟರಲ್ಲಿ ಜೋಡಿ ಸೀಟು ಉಳಿದಿರಲಿಲ್ಲ. ಅವ್ವ ಒಂದು ಸಾಲಿನಲ್ಲಿ, ನಾನು ಇನ್ನೊಂದರಲ್ಲಿ. ಅವ್ವ ಆರ್ಕೆಸ್ಟ್ರಾ ಕೇಳುತ್ತಿದ್ದದ್ದು ಅದೇ ಮೊದಲು. ಇದು ಓಬೋ, ಅದು ಫ್ರೆಂಚ್ ಹಾರ್ನ್ ಅಂತ ಪಕ್ಕದಲ್ಲಿ ಕೂತು ತೋರಿಸಬೇಕೆಂದು ಎಷ್ಟು ಆಸೆಪಟ್ಟಿದ್ದೆ! ಆ ಸಿಟ್ಟು ಇನ್ನೂ ಹೋಗಿಲ್ಲ.

ಇಷ್ಟಕ್ಕೂ ಆ್ಯಪ್‌ನವರಿಗೆ ಕನ್ವೀನಿಯನ್ಸ್ ಫೀ, ಅದರ ಮೇಲೆ 18% ಜಿಎಸ್‌ಟಿ ಬೇರೆ.

ಮುಂದಿನ ಸೀಸನ್ನಿಗೆ ದಾದರಿನಲ್ಲಿರುವ ಕಾಕಾನ ಮಗನಿಗೆ ಫೋನ್ ಹಚ್ಚಿದೆ. 'ತಮ್ಮಾ, ಆಫೀಸ್ ಬಿಟ್ಟ ಮ್ಯಾಲ ಅಷ್ಟ ಹೋಗಿ ಬಾ' ಅಂದೆ. ಅವನು ಕೌಂಟರಿನ ಮುಂದೆ ನಿಂತೇ ಮಾತಾಡಿದ. ನಾವು ಹೋಗಬೇಕಿದ್ದ ಕಚೇರಿಯದು ಪಿಯಾನೊ ಕಾನ್ಸರ್ಟೊ, ಅಂದರೆ ಪಿಯಾನೊ ಮುಂದಾಗಿ, ಆರ್ಕೆಸ್ಟ್ರಾ ಜೊತೆಯಾಗಿ ನುಡಿಸುವಂಥದು. ನುಡಿಸುವವರ ಕೈ ಕಾಣಬೇಕಾ ಅಂತ ಒಳಗಿದ್ದವರು ಕೇಳಿದರಂತೆ. ಕಾಣಬೇಕೆಂದರೆ ವೇದಿಕೆಗೆ ಮುಖ ಮಾಡಿ ಕೂತಾಗ ನಮ್ಮ ಎಡಗಡೆ ಇರಬೇಕು. ತೀರಾ ಮುಂದಿನ ಸಾಲಾದರೆ ವಯಲಿನ್‌ನವರೇ ಅಡ್ಡ ಬರುತ್ತಾರೆ, ಹಿಂದಿನ ಕ್ಲಾರಿನೆಟ್, ಟಿಂಪನಿ ಎಂಬ ದೊಡ್ಡ ನಗಾರಿ ಕಾಣುವುದಿಲ್ಲ. ಬಾಲ್ಕನಿಯಲ್ಲಿ ಇಡೀ ತಂಡ ಕಣ್ಣಿಗೆ ಬೀಳುತ್ತದೆ, ದರವೂ ಕಡಿಮೆ. ಧಾರವಾಡದ ಬೈಠಕ್ಕಿನಲ್ಲಿ ಜಾಗ ಸಿಕ್ಕಲ್ಲಿ ಜಮಖಾನದ ಮೇಲೆ ಕೂತು ಕೇಳಿ ಬೆಳೆದವರು ನಾವು. ಸೀಟು ಹೀಗೆ ಆರಿಸಬೇಕು ಅಂತ ನಮಗೆ ಹೇಳುವವರಾದರೂ ಯಾರು? ಬಾಲ್ಕನಿಯ ಎಡಗಡೆ ಜೋಡಿ ಸೀಟು ಸಿಕ್ಕಿತು. ದುಡ್ಡು ಅಲ್ಲೇ ಯುಪಿಐ ಮಾಡಿದೆ.

ಕಚೇರಿಯ ದಿನವೇ ಹೋಗಿ ಟಿಕೆಟ್ ಕೊಳ್ಳುವುದು ಮುಂಬೈನವರಿಗೆ ಸರಿ. ರಾತ್ರಿಯೆಲ್ಲ ರೈಲಿನಲ್ಲಿ ಕೂತು ಹೋಗುವ ನಮಗಲ್ಲ. ಎನ್‌ಸಿಪಿಎ ಸದಸ್ಯರಾದವರಿಗೆ ಟಿಕೆಟ್ ಮೊದಲು ಸಿಗುತ್ತದೆ, ಆದರೆ ವರ್ಷಕ್ಕೊಮ್ಮೆ ಹೋಗುವ ನನಗೆ ಆ ಖರ್ಚು ಜಾಸ್ತಿ.

ರೈಲು ಬುಕಿಂಗ್ ತೆರೆಯುವುದು 60 ದಿನ ಮೊದಲು. ಕಚೇರಿ ಟಿಕೆಟಿನ ಫೋಟೊ ವಾಟ್ಸಾಪಿಗೆ ಬಂದ ಮೇಲೆಯೇ ಹುಬ್ಬಳ್ಳಿ-ದಾದರ್ ಎಕ್ಸ್‌ಪ್ರೆಸ್ಸಿನಲ್ಲಿ ಅವ್ವನಿಗೆ ಲೋಯರ್ ಬರ್ತ್ ನೋಡುತ್ತೇನೆ. ಬಾಲ್ಕನಿಯಲ್ಲಿ ಉಳಿದ ದುಡ್ಡು ಥರ್ಡ್ ಎಸಿಗೆ ಆಗುತ್ತದೆ. ಮುಂಬೈಯಲ್ಲಿ ನಿಮ್ಮವರು ಯಾರೂ ಇಲ್ಲವೆಂದರೆ ಆ್ಯಪ್ಪೇ ಗತಿ. ಆಗ ಕಾರ್ಡ್ ಬಿಟ್ಟು ಯುಪಿಐಯಲ್ಲೇ ಕಟ್ಟಿ, ಒಟಿಪಿಗೆ ಕಾಯುವುದಾದರೂ ತಪ್ಪುತ್ತದೆ.