ಗುಂಡನ ಮನೆ: ಮೂರು ಚಳಿಗಾಲ ಕಳೆದ ಮೇಲೆ

ನೆಲದ ಮೇಲೆ ಬದುಕುವ ಆಮೆಗೆ ಗಾಜಿನ ತೊಟ್ಟಿ ಬೇಡ. ಇನ್ನೊಬ್ಬರು ಅದಕ್ಕೆ ದುಡ್ಡು ಹಾಕಬಾರದು, ಅದಕ್ಕೇ ಇದನ್ನು ಮೊದಲು ಹೇಳುತ್ತಿದ್ದೇನೆ.

ನಾವಿರುವುದು ಇಂಗ್ಲೆಂಡಿನ ಲೀಡ್ಸ್‌ನಲ್ಲಿ. ಪರಿಚಯದವರೊಬ್ಬರು ಊರು ಬಿಡುವಾಗ ತಮ್ಮ ಹಾರ್ಸ್‌ಫೀಲ್ಡ್ ಎಂಬ ಜಾತಿಯ ಆಮೆಯನ್ನು ನಮಗೆ ಒಪ್ಪಿಸಿದರು. ಮಗಳು ಅದಕ್ಕೆ ಗುಂಡ ಎಂದು ಹೆಸರಿಟ್ಟಳು. ಅಂಗಡಿಯವರು "ಎಲ್ಲಾ ಇದರಲ್ಲೇ ಇದೆ" ಎಂದು ಒಂದು ಸೆಟ್ ಕೊಟ್ಟರು. ಗಾಜಿನ ತೊಟ್ಟಿ, ಸುರುಳಿ ಬಲ್ಬು, ಹಾಸಲು ಒಣ ಮರದ ಚೂರು, ಒಟ್ಟು 140 ಪೌಂಡ್. ಗುಂಡನಿಗೆ ಗಾಜು ಅಂದರೇನು ಅಂತಲೇ ತಿಳಿಯಲಿಲ್ಲ. ಆಚೆ ಎಲ್ಲಾ ಕಾಣುತ್ತದೆ, ಹೋಗಲು ಮಾತ್ರ ದಾರಿ ಇಲ್ಲ. ಹಗಲೆಲ್ಲ ಒಂದೇ ಮೂಲೆಯಲ್ಲಿ ನಿಂತು ಕೆರೆಯುತ್ತಿದ್ದ. ಅಡುಗೆಮನೆಗೂ ಆ ಸದ್ದು ಕೇಳುತ್ತಿತ್ತು. ನನಗೆ ತುಂಬಾ ಸಂಕಟವಾಗುತ್ತಿತ್ತು.

ಎರಡು ತಿಂಗಳ ಮೇಲೆ 15 ಪೌಂಡ್ ಕೊಟ್ಟು ಹಳೆಯ ಪುಸ್ತಕದ ಕಪಾಟು ತಂದೆ. ಬೆನ್ನ ಮೇಲೆ ಮಲಗಿಸಿ, ಅಡ್ಡ ಹಲಗೆ ಬಿಚ್ಚಿ, ಒಳಗೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿದೆ. ಆರಡಿ ಉದ್ದ, ಎರಡೂವರೆ ಅಡಿ ಅಗಲ, ಮೇಲೆ ಮುಚ್ಚಳವಿಲ್ಲ. ಒಂದು ತುದಿಯಲ್ಲಿ ಬಿಸಿ ದೀಪ, ಅದರ ಕೆಳಗೆ ಒಂದು ಚಪ್ಪಡಿ ಕಲ್ಲು. ಅಲ್ಲಿ 32 ಡಿಗ್ರಿ ದಾಟಬೇಕು. ಇನ್ನೊಂದು ತುದಿ 20ರ ಆಸುಪಾಸು ಇದ್ದರೆ ಸಾಕು. ಬೇಕಾದ ಕಡೆ ಅವನೇ ನಡೆದು ಹೋಗುತ್ತಾನೆ. ಸುತ್ತ ಮರದ ಗೋಡೆ ಬಂದ ಮೇಲೆ ಆ ಕೆರೆತ ನಿಂತೇ ಹೋಯಿತು.

ಯುವಿಬಿ, ಅಂದರೆ ಬಿಸಿಲಿನಲ್ಲಿರುವ ಒಂದು ಬಗೆಯ ನೇರಳಾತೀತ ಕಿರಣ, ಕೊಡುವ ಟ್ಯೂಬಿನ ಬಗ್ಗೆ ಒಂದೇ ಮಾತು. ಅದು ಉರಿಯುತ್ತಲೇ ಇರುತ್ತದೆ, ಆದರೆ ಅದರೊಳಗಿನ ಯುವಿಬಿ ವರ್ಷದಲ್ಲಿ ಕುಗ್ಗಿರುತ್ತದೆ. ನಮ್ಮ ಕಣ್ಣಿಗೆ ಗೊತ್ತಾಗುವುದಿಲ್ಲ. ಹಾಕಿದ ದಿನವೇ ಮಾರ್ಕರ್‌ನಲ್ಲಿ ತಾರೀಖು ಬರೆದುಬಿಡಿ. ಕಿಟಕಿಯ ಬಿಸಿಲು ಸಾಕಲ್ವಾ ಅಂತ ಕೇಳಬೇಡಿ, ಗಾಜು ಯುವಿಬಿಯನ್ನು ತಡೆಯುತ್ತದೆ. ಯುವಿಬಿ ಇಲ್ಲದಿದ್ದರೆ ತಿಂದ ಕ್ಯಾಲ್ಸಿಯಂ ಮೈಗೆ ಹತ್ತುವುದಿಲ್ಲ, ಚಿಪ್ಪು ಮೆತ್ತಗಾಗುತ್ತದೆ.

ಇಷ್ಟು ಬರೆಯಲು ಕುಳಿತದ್ದು ಗುಂಡನಿಗೆ ಹಾಸುವ ಕೋಕೋಪೀಟ್ ಇಟ್ಟಿಗೆಗಾಗಿ. ನಮ್ಮ ಕಡೆ ಗಿಡದ ಕುಂಡಕ್ಕೆ ಹಾಕುವ ಅದೇ ತೆಂಗಿನ ನಾರಿನ ಪುಡಿ. ಇಲ್ಲಿ ಸಾಕುಪ್ರಾಣಿ ಅಂಗಡಿಯಲ್ಲಿ 650 ಗ್ರಾಂ ಇಟ್ಟಿಗೆಯಾಗಿ ಸಿಗುತ್ತದೆ. ಮೊದಲ ಸಲ ಬಕೆಟ್ಟಿಗೆ ಹಾಕಿ 4 ಲೀಟರ್ ಬಿಸಿ ನೀರು ಸುರಿದೆ. ಮೆಲ್ಲಗೆ ಚಿಟಪಟ ಎಂದು ಉಬ್ಬಿತು. ಆವಿ ಎದ್ದಿತು. ಆ ವಾಸನೆಗೆ ನಾನು ಹಾಗೇ ಕುಳಿತುಬಿಟ್ಟೆ. ತಿಪಟೂರಿನ ನಮ್ಮ ಅಜ್ಜನ ಮನೆಯಲ್ಲಿ ಕೊಬ್ಬರಿಯನ್ನು ಅಟ್ಟದಿಂದ ಇಳಿಸಿ ಸುಲಿದ ದಿನ ಅಂಗಳದಲ್ಲಿ ಸಿಪ್ಪೆಯ ಗುಡ್ಡೆ ಬೀಳುತ್ತಿತ್ತು. ಅದರ ಮೇಲೆ ಒಂದು ಮಳೆ ಹೊಯ್ದರೆ ಬರುವ ವಾಸನೆ ಅದು. ಡಿಸೆಂಬರ್‌ನಲ್ಲಿ ನಾಲ್ಕು ಗಂಟೆಗೆ ಮೊದಲೇ ಸೂರ್ಯ ಮುಳುಗುವ ಊರಲ್ಲಿ ಅಜ್ಜನ ಅಂಗಳ ಸಿಗುತ್ತದೆ ಎಂದುಕೊಂಡಿರಲಿಲ್ಲ.

ಈಗ ಅದು ಭಾನುವಾರದ ಕೆಲಸ. ಮಗಳು ಮತ್ತು ನಾನು ಕೈಯಲ್ಲೇ ಉದುರಿಸುತ್ತೇವೆ. ಹದ ನೋಡುವುದು ತಂಬಿಟ್ಟಿನ ಹಿಟ್ಟಿನ ಹಾಗೆ. ಮುಷ್ಟಿಯಲ್ಲಿ ಹಿಂಡಿದರೆ ಉಂಡೆ ನಿಲ್ಲಬೇಕು, ನೀರು ತೊಟ್ಟಿಕ್ಕಬಾರದು. ಹೊಸ ಹಾಸು ಬಿದ್ದ ದಿನ ಗುಂಡ ಒಂದು ಸುತ್ತು ಹಾಕಿ, ಮೂಸಿ, ಮುಂಗಾಲಿನಲ್ಲಿ ತೋಡಲು ಶುರು ಮಾಡುತ್ತಾನೆ. ಕಝಾಕಿಸ್ತಾನ್, ಉಜ್ಬೇಕಿಸ್ತಾನ್ ಕಡೆಯ ಬಯಲಿನ ಜೀವ. ಅಲ್ಲಿನ ಬಿಸಿಲಿಗೂ ಚಳಿಗೂ ಬಿಲವೇ ಆಸರೆ. 1968ರಲ್ಲಿ ಸೋವಿಯತ್‌ನವರು ಜೋಂಡ್ 5 ನೌಕೆಯಲ್ಲಿ ಚಂದ್ರನ ಸುತ್ತ ಕಳಿಸಿ ಮರಳಿ ತಂದದ್ದು ಇದೇ ಜಾತಿಯ ಎರಡು ಆಮೆಗಳನ್ನು. ಚಿಪ್ಪಿನ ಅಂಚು ಮಾತ್ರ ಕಾಣುವಷ್ಟು ಒಳಗಿಳಿದು ಅವನು ಮಲಗಿದ ಮೇಲೆ ನನಗೂ ನೆಮ್ಮದಿ.

ಆದರೆ ಪೂರ್ತಿ ಹೊಗಳಲು ಆಗುವುದಿಲ್ಲ. ಮೊದಲ ಚಳಿಗಾಲದಲ್ಲಿ ಬರೀ ಕೋಕೋಪೀಟ್ ಹಾಕಿದ್ದೆ. ದೀಪದ ಕೆಳಗೆ ಮೂರೇ ದಿನಕ್ಕೆ ಒಣಗಿ ಧೂಳಾಯಿತು. ಒಂದು ಬೆಳಗ್ಗೆ ಗುಂಡನ ಎಡಗಣ್ಣು ತೆರೆಯಲೇ ಇಲ್ಲ. ಡಾಕ್ಟರ್ ಕಣ್ಣು ತೊಳೆದು ಔಷಧಿ ಕೊಟ್ಟರು. ವಾಸಿಯಾಯಿತು, ಆದರೆ ಆ ಐದು ದಿನ ನನಗೆ ಊಟ ರುಚಿಸಲಿಲ್ಲ. ಪೊಟ್ಟಣದ ಮೇಲೆ ಧೂಳಿನ ಬಗ್ಗೆ ಒಂದು ಸಾಲೂ ಇರಲಿಲ್ಲ. ಆ ಸಿಟ್ಟು ಇನ್ನೂ ಇದೆ. ಈಗ ಗೊಬ್ಬರ ಸೇರದ ತೋಟದ ಮಣ್ಣು ಅರ್ಧ, ಇದು ಅರ್ಧ. ದಪ್ಪ 15 ಸೆಂಟಿಮೀಟರ್. ಎರಡು ದಿನಕ್ಕೊಮ್ಮೆ ಮೂಲೆಗಳಿಗೆ ಒಂದು ಲೋಟ ನೀರು ಬಿಡುತ್ತೇನೆ. ಮೇಲೆ ಒಣಗಿದ್ದರೂ ಅಡಿಯಲ್ಲಿ ತೇವ ಇರುತ್ತದೆ. ಧೂಳಿನ ಕಾಟ ಮತ್ತೆ ಬಂದಿಲ್ಲ.

ಖರ್ಚಿನ ವಿಷಯ. 100 ವ್ಯಾಟ್ ಬಿಸಿ ದೀಪ, 24 ವ್ಯಾಟ್ ಟ್ಯೂಬ್, ದಿನಕ್ಕೆ 12 ಗಂಟೆ. ಅಂದರೆ ಸುಮಾರು ಒಂದೂವರೆ ಯೂನಿಟ್. ಯೂನಿಟ್‌ಗೆ 25 ಪೆನ್ಸ್ ಹಿಡಿದರೆ ತಿಂಗಳಿಗೆ 11 ಪೌಂಡ್. ಎರಡು ಇಟ್ಟಿಗೆಗೆ ಒಂದು ಸಿನಿಮಾ ಟಿಕೆಟ್‌ನಷ್ಟೂ ಆಗುವುದಿಲ್ಲ.

ಅಮ್ಮ ವಿಡಿಯೋ ಕಾಲ್‌ನಲ್ಲಿ ಪ್ರತಿ ಸಲ "ಪಾಪ, ಒಂದು ಚೂರು ಬಾಳೆಹಣ್ಣು ಕೊಡೋ" ಎನ್ನುತ್ತಾರೆ. ಈ ಆಮೆಗಳ ಹೊಟ್ಟೆಗೆ ಹಣ್ಣು ಒಗ್ಗುವುದಿಲ್ಲ, ಸೊಪ್ಪೇ ಬೇಕು ಎಂದು ನಾನೂ ಪ್ರತಿ ಸಲ ಹೇಳುತ್ತೇನೆ. ಇದನ್ನು ಓದಿ ಊರಿನಲ್ಲಿ ಯಾರಾದರೂ ನಕ್ಷತ್ರ ಆಮೆ ತರಲು ಹೊರಟಿದ್ದರೆ ದಯವಿಟ್ಟು ಬೇಡ. 1972ರ ವನ್ಯಜೀವಿ ಕಾಯ್ದೆ ಅದಕ್ಕೆ ರಕ್ಷಣೆ ಕೊಟ್ಟಿದೆ, ಮನೆಯಲ್ಲಿ ಇಟ್ಟುಕೊಳ್ಳುವುದು ಅಪರಾಧ. ಅದೃಷ್ಟ ತರುತ್ತದೆ ಎಂದು ಹೇಳಿ ಮಾರುವವರು ಅದನ್ನು ಕಾಡಿನಿಂದ ಕದ್ದೇ ತಂದಿರುತ್ತಾರೆ.

ಆ ಗಾಜಿನ ತೊಟ್ಟಿಯನ್ನು ನಾವು ಎಸೆದಿಲ್ಲ. ಉಳಿದ ಕೋಕೋಪೀಟ್ ತುಂಬಿ, ಕಿಟಕಿ ಹತ್ತಿರ ಇಟ್ಟು, ಗುಂಡ ಇಷ್ಟಪಡುವ ಡ್ಯಾಂಡಿಲಯನ್ ಎಂಬ ಸೊಪ್ಪಿನ ಬೀಜ ಹಾಕಿದ್ದೇವೆ. ಮೊನ್ನೆ ನಾಲ್ಕು ಎಲೆ ಕೈಗೆ ಬಂದವು. ಎರಡನ್ನು ಮಗಳೇ ಅವನ ಚಪ್ಪಡಿ ಕಲ್ಲಿನ ಮೇಲೆ ಇಟ್ಟಳು. ಉಳಿದ ಎರಡು ಇನ್ನೂ ಸ್ವಲ್ಪ ದೊಡ್ಡವಾಗಲಿ ಎಂದು ಬಿಟ್ಟಿದ್ದಾಳೆ.