ಸಾಕ್‌ಸಿಮ್: ಹುಟ್ಟು, ಮದುವೆ, ಸಾವುಗಳನ್ನು ಗಣಕದಲ್ಲಿ ನಡೆಸಿ ತೋರಿಸುವ ತಂತ್ರಾಂಶ

ಧಾರವಾಡದಲ್ಲಿ ಜನಸಂಖ್ಯಾಶಾಸ್ತ್ರ ಓದುವವರಿಗೆ ಸಾಕ್‌ಸಿಮ್ ತಂತ್ರಾಂಶವನ್ನು ನಾನು ಮನಸಾರೆ ಶಿಫಾರಸು ಮಾಡುತ್ತೇನೆ. 1970ರ ದಶಕದಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಇದು ಈಗ ಅಂಕಿ-ಅಂಶಗಳ ಲೆಕ್ಕಕ್ಕೆ ಬಳಸುವ ಆರ್ ಎಂಬ ಗಣಕ ಭಾಷೆಯ ಪ್ಯಾಕೇಜ್ ಆಗಿ ಉಚಿತವಾಗಿ ಸಿಗುತ್ತದೆ. ವಯಸ್ಸಿಗೆ ತಕ್ಕ ಜನನ, ಮರಣ, ವಿವಾಹ ದರಗಳನ್ನು ಕೊಟ್ಟರೆ, ಕಾಲ್ಪನಿಕ ಜನಸಮೂಹವೊಂದರ ಪ್ರತಿಯೊಬ್ಬರ ಬದುಕನ್ನೂ ತಿಂಗಳು ತಿಂಗಳಾಗಿ ನಡೆಸಿ, ಯಾರು ಯಾರಿಗೆ ಏನಾಗಬೇಕು ಎಂಬುದನ್ನೂ ಉಳಿಸಿಕೊಡುತ್ತದೆ.

ಫಲಿತಾಂಶದ ಕಡತದಲ್ಲಿ ಒಬ್ಬ ಮಹಿಳೆಯ ಸಾಲನ್ನು ತೆರೆದು ನೋಡಿದೆ: ತಾಯಿಯ ಗುರುತಿನ ಸಂಖ್ಯೆ, ತಂದೆಯ ಗುರುತಿನ ಸಂಖ್ಯೆ, ಹುಟ್ಟಿದ ತಿಂಗಳು, ಮರಣದ ಜಾಗದಲ್ಲಿ ಸೊನ್ನೆ, ಎಂದರೆ ಆಕೆ ಇನ್ನೂ ಬದುಕಿದ್ದಾಳೆ. ಆ ಎಳೆ ಹಿಡಿದು ಹೋದರೆ ಅಜ್ಜಿಯೂ ಸಿಗುತ್ತಾಳೆ, ಮೊಮ್ಮಗಳೂ ಸಿಗುತ್ತಾಳೆ. ಮುಪ್ಪಿನಲ್ಲಿ ಆಸರೆಯಾಗುವ ನಂಟರು ಎಷ್ಟು ಮಂದಿ ಎಂಬ ಪ್ರಶ್ನೆಗೆ ಇಂಥ ದಾಖಲೆ ಬಹಳ ಬೆಲೆಯುಳ್ಳದ್ದು.

ಅಳವಡಿಕೆಗೆ ನನಗೆ ಅರ್ಧ ದಿನ ಹಿಡಿಯಿತು.

ನನ್ನ ತಕರಾರು ಜೋಡಿ ಕೂಡಿಸುವ ಭಾಗದ್ದು. ಮದುವೆಯ ಸರದಿಯಲ್ಲಿ ನಿಂತವರ ಪೈಕಿ ಸಂಗಾತಿಯನ್ನು ಮುಖ್ಯವಾಗಿ ವಯಸ್ಸಿನ ಅಂತರ ನೋಡಿ ಆರಿಸಲಾಗುತ್ತದೆ. ಆದರೆ ಹುಬ್ಬಳ್ಳಿ, ಗದಗ, ಹಾವೇರಿ ಕಡೆ ಸೋದರಮಾವನಿಗೋ ಸೋದರತ್ತೆಯ ಮಗನಿಗೋ ಹೆಣ್ಣು ಕೊಡುವ ರೂಢಿ ಇನ್ನೂ ಉಳಿದಿರುವುದರಿಂದ, ಒಬ್ಬನೇ ವ್ಯಕ್ತಿ ಮಾವನೂ ಗಂಡನೂ ಆಗುವ ಇಂಥ ಮನೆತನಗಳಲ್ಲಿ, ಆ ಒಲವನ್ನು ಸೇರಿಸದೆ ತೆಗೆದ ಲೆಕ್ಕವು ಇರುವುದಕ್ಕಿಂತ ಹೆಚ್ಚು ನಂಟರನ್ನು ತೋರಿಸಿಬಿಡುತ್ತದೆ.